ಬೈಕ್ ಓಡಿಸ್ತಾನೆ, ಸರಿ. ಜೂಡೊ ಆಡಬಹುದಾ?

"ಮಂಡಿ ಊತ ಇಳಿದಿದೆ ಡಾಕ್ಟ್ರೇ, ಮೆಟ್ಟಿಲು ಹತ್ತುತ್ತಾನೆ, ಬೈಕೂ ಓಡಿಸ್ತಾನೆ. ಮುಂದಿನ ತಿಂಗಳು ಸ್ಟೇಟ್ ಇದೆ, ಆಡಿಸಬಹುದಲ್ವಾ?"

ಜೂಡೊ ಮಕ್ಕಳ ಅಪ್ಪಂದಿರು ಹೀಗೆ ಕೇಳದ ಸೀಸನ್ನೇ ಇಲ್ಲ. ಕೋಚ್‌ಗಳೂ ಕೇಳುತ್ತಾರೆ, ದನಿ ಸ್ವಲ್ಪ ತಗ್ಗಿಸಿ.

ಬೆರಳು ಉಳುಕಿದ್ದು, ಕಿವಿ ಊದಿ ಗಂಟು ಕಟ್ಟಿದ್ದು, ಇವನ್ನೆಲ್ಲ ಜೂಡೊದವರು ಲೆಕ್ಕಕ್ಕೇ ಇಡುವುದಿಲ್ಲ. ಟೇಪ್ ಸುತ್ತಿಕೊಂಡು ಮತ್ತೆ ಎದುರಾಳಿಯ ಕಾಲರ್ ಹಿಡಿಯುತ್ತಾರೆ. ಗಟ್ಟಿ ಪಿಂಡಗಳು. ನನ್ನ ತಕರಾರು ಮಂಡಿಯದ್ದು ಮಾತ್ರ.

ತಾಯ್-ಒತೊಶಿ ಅನ್ನೋ ಪಟ್ಟು ಹಾಕುವವನು ಎದುರಾಳಿಯನ್ನು ಕೆಡವೋಕೆ ಕಾಲು ಅಡ್ಡ ಇಡುತ್ತಾನೆ. ಅದು ಕೆಳಗೆ ಇರಬೇಕಾದ್ದು ಮಂಡಿಗೇ ತಗುಲಿತು ಅನ್ನಿ. ನಿಮ್ಮ ಹುಡುಗನ ಪಾದ ಮ್ಯಾಟ್‌ನಲ್ಲಿ ಊರಿಕೊಂಡಿದೆ, ಮೈ ಮಾತ್ರ ತಿರುಗಿತು. ಟಪ್ ಅಂತ ಸದ್ದು. ಕೆಲವೇ ಗಂಟೆಯಲ್ಲಿ ಮಂಡಿ ತೆಂಗಿನಕಾಯಿಯಂತೆ ಊದಿದರೆ ಒಳಗೆ ರಕ್ತ ಸೇರಿರುವ ಸಾಧ್ಯತೆ ಜಾಸ್ತಿ. ಮೊದಲ ಅನುಮಾನ ಎಸಿಎಲ್ ಮೇಲೆ, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಮೇಲೆ ಬರಬೇಕು. ಎಣ್ಣೆ ಹಚ್ಚಿ ಉಳುಕು ತೆಗೆಸುವ ಹೊತ್ತಲ್ಲ ಅದು.

ಕೆಲವು ವಾರದಲ್ಲಿ ಊತ ಇಳಿಯುತ್ತೆ, ನೋವೂ ಹೋಗುತ್ತೆ. ಆದರೆ ಪೂರ್ತಿ ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ನೇರ ನಡೆಯೋಕೆ ಅದರ ಅಗತ್ಯ ಕಡಿಮೆ, ತೊಡೆಯ ಸ್ನಾಯುಗಳೇ ನಿಭಾಯಿಸುತ್ತವೆ. ಮಂಡಿಯ ಕೆಳಗಿನ ಮೂಳೆ ಮುಂದೆ ಜಾರದಂತೆ, ತಿರುಚದಂತೆ ತಡೆಯೋದು ಎಸಿಎಲ್ ಕೆಲಸ. ಬೈಕ್ ಮೇಲೆ ಯಾರೂ ತಿರುಚಲ್ಲ. ಊಚಿ-ಮಾತಾ ಅನ್ನೋ ಪಟ್ಟಿನಲ್ಲಿ ಒಂದೇ ಕಾಲ ಮೇಲೆ ನಿಂತು, ಇನ್ನೊಬ್ಬನ ಭಾರ ಹೊತ್ತು ತಿರುಗಬೇಕು. ಮಂಡಿ ಅಲ್ಲೇ ಕೈಕೊಡುತ್ತೆ. ಹಾಗೆ ಕೈಕೊಟ್ಟಾಗಲೆಲ್ಲ ಒಳಗಿನ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಹರಿಯುವ ಅಪಾಯ ಇದೆ. ಇನ್ನೊಮ್ಮೆ ಹೇಳ್ತೀನಿ: ನಡೆಯೋಕೆ ಬಂತು ಅಂದರೆ ನಡೆಯೋಕೆ ಬಂತು ಅಂತ, ಅಷ್ಟೇ.

ಒಬ್ಬ ಕೋಚ್ ನನಗೆ ಜಪಾನಿನ ಜೂಡೊ ಪಟು ಯಮಶಿತಾ ಉದಾಹರಣೆ ಕೊಟ್ಟರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕುಂಟುತ್ತಲೇ ಚಿನ್ನ ಗೆದ್ದರಲ್ಲ, ಅಂತ. ನಿಜ. ಆದರೆ ಸಾರ್, ಅವರಿಗೆ ಹರಿದಿದ್ದು ಬಲ ಮೀನಖಂಡದ ಸ್ನಾಯು. ಸ್ನಾಯು ಕೂಡಿಕೊಳ್ಳುತ್ತೆ. ಮೇಲಾಗಿ ಅದು ಒಲಿಂಪಿಕ್ ಫೈನಲ್. ನಿಮ್ಮದು ಸಬ್-ಜೂನಿಯರ್ ಸೆಲೆಕ್ಷನ್. ಕೋಚ್ ನಕ್ಕರು, ಹುಡುಗನನ್ನು ಆಡಿಸಲಿಲ್ಲ. ಒಳ್ಳೆಯ ಮನುಷ್ಯ.

ಆಪರೇಷನ್ ಎಲ್ಲರಿಗೂ ಬೇಕು ಅಂತಲ್ಲ. ಆಟ ಬಿಡುವವರಿಗೆ ವ್ಯಾಯಾಮವೇ ಸಾಕಾಗಬಹುದು. ಇನ್ನೂ ಎತ್ತರ ಬೆಳೆಯುತ್ತಿರುವ ಮಕ್ಕಳ ಲೆಕ್ಕವೇ ಬೇರೆ, ಸರ್ಜನ್ ನೋಡಿಯೇ ಹೇಳಬೇಕು. ಆಪರೇಷನ್ ಆದರೆ ಕನಿಷ್ಠ 9 ತಿಂಗಳು ಕಾಯಿರಿ. ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಆ ಕಾಲು ಒಳ್ಳೆ ಕಾಲಿನ 90%ರಷ್ಟಾದರೂ ದೂರ ಹೋಗಬೇಕು. ಮೊದಲು ಉಕೆಮಿ (ಪೆಟ್ಟಾಗದಂತೆ ಬೀಳುವ ಅಭ್ಯಾಸ), ಆಮೇಲೆ ಊಚಿಕೊಮಿ (ಕೆಡವದೆ ಪಟ್ಟನ್ನು ಮತ್ತೆ ಮತ್ತೆ ಹಾಕುವ ಅಭ್ಯಾಸ). ರಂದೊರಿ (ಅಭ್ಯಾಸದ ಕುಸ್ತಿ) ಕೊನೆಗೆ, ಅದೂ ಮೈಮೇಲೆ ಬೀಳದ, ನಂಬಿಕೆಯ ಜೊತೆಗಾರನ ಜೊತೆ.