ಗಡಿಯ ಪ್ರಶ್ನೆ ಕಾಫಿ ತೋಟದ ಲೈನ್ ಮನೆಗೆ ಬಂದ ಬಗೆ

ಕಾಫಿ ಕುಯ್ಲು ಶುರುವಾಯಿತೆಂದರೆ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಕೂಲಿಯವರಿರುವ ಲೈನ್ ಮನೆಗಳು ತುಂಬುತ್ತವೆ. ಈಗ ಅಸ್ಸಾಂನಿಂದ ಬಂದವರೂ ಅಲ್ಲಿದ್ದಾರೆ. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬೊಬ್ಬರ ಆಧಾರ್ ನೋಡಿ ಜೆರಾಕ್ಸ್ ಇಟ್ಟುಕೊಳ್ಳುತ್ತಾರೆ. ‘ಇಷ್ಟಿದ್ರೆ ಸಾಕಲ್ವಾ?’ ಎಂದು ಕೇಳುತ್ತಾರೆ. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ ಎಂದು 2016ರ ಕಾಯ್ದೆಯೇ ಹೇಳುತ್ತದೆ. ಹಾಗಿದ್ದೂ ಯಾರು ಎಲ್ಲಿಯವರು ಎಂಬ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ.

ಈ ಗೊಂದಲದ ಬೇರು ಗಡಿಯಲ್ಲೇ ಇದೆ. 1999ರ ಕಾರ್ಗಿಲ್ ಯುದ್ಧದ ನಂತರ ಕೇಂದ್ರ ಸಚಿವರ ತಂಡವೊಂದು 2001ರಲ್ಲಿ ಪೌರರಿಗೆ ಗುರುತಿನ ಚೀಟಿ ಬೇಕೆಂದಿತು. 2003ರ ತಿದ್ದುಪಡಿಯಿಂದ ಅದು ಪೌರತ್ವ ಕಾಯ್ದೆಯೊಳಗೂ ಸೇರಿತು. 2009ರಲ್ಲಿ ಆಧಾರ್ ಕೊಡುವ ವಿಶಿಷ್ಟ ಗುರುತಿನ ಪ್ರಾಧಿಕಾರ ಬಂದಾಗ ದಾರಿ ಬೇರೆಯಾಯಿತು. ಸರ್ಕಾರದ ಸವಲತ್ತು ಸರಿಯಾದವರ ಕೈಸೇರಬೇಕು ಎಂಬುದೇ ಮುಖ್ಯವಾಯಿತು. ಹಾಗಾಗಿ ಪೌರರಿಗಷ್ಟೇ ಅಲ್ಲ, ಇಲ್ಲಿ ವಾಸ ಇರುವವರಿಗೆಲ್ಲ ಸಂಖ್ಯೆ ಸಿಕ್ಕಿತು. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದರೆ ಸಾಕು ಎಂಬುದು ಕಾಯ್ದೆಯ ಅಳತೆ.

2010ರಲ್ಲಿ ಇನ್ನೊಂದು ಜಾಲಕ್ಕೂ ಒಪ್ಪಿಗೆ ಸಿಕ್ಕಿತು. ಹೆಸರು ಐವಿಎಫ್‌ಆರ್‌ಟಿ, ಅಂದರೆ ವಲಸೆ, ವೀಸಾ, ವಿದೇಶಿಯರ ನೋಂದಣಿ ಮತ್ತು ಜಾಡು ಹಿಡಿಯುವ ವ್ಯವಸ್ಥೆ. ರಾಯಭಾರ ಕಚೇರಿ ಕೊಡುವ ವೀಸಾ, ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರ್, ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ, ಇವೆಲ್ಲವನ್ನೂ ಅದು ಜೋಡಿಸುತ್ತದೆ. ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ನಡೆಸುವವರಿಗೆ ಇದರ ಒಂದು ತುದಿ ಗೊತ್ತು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡಬೇಕೆಂಬ ನಿಯಮ ಅವರಿಗೆ ರೂಢಿ.

ಆಧಾರ್ ಜಾಲ ಕೇಳುವುದು ‘ನೀನು ಯಾರು’ ಎಂದು. ಇನ್ನೊಂದು ಕೇಳುವುದು ‘ನಿನಗೆ ಇಲ್ಲಿರಲು ಹಕ್ಕಿದೆಯೇ’ ಎಂದು. ಎರಡನ್ನೂ ಒಟ್ಟಿಗೆ ನೋಡಬೇಕಾದ ಕಡೆ ಹೆಸರಿನ ಹೋಲಿಕೆ ಬೇಕಾಗುತ್ತದೆ. ಇಂಥ ಹೋಲಿಕೆಯ ಸಾಫ್ಟ್‌ವೇರ್ ಬರೆಯುವ ಕೆಲಸ ನಾನು ಕೆಲವು ವರ್ಷ ಮಾಡಿದ್ದೇನೆ. ಕಷ್ಟ ಎಲ್ಲಿದೆ ಎಂಬುದು ಅಲ್ಲಿ ಅರ್ಥವಾಯಿತು.

ನಮ್ಮ ಹಾಸನದವರ ಹೆಸರನ್ನೇ ನೋಡಿ. ಹೆಸರಿನ ಮುಂದೆ ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಸರ್‌ನೇಮ್‌ಗೆ ಬೇರೆಯೇ ಖಾನೆ. ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋದವರು ಊರಿನ ಹೆಸರನ್ನು ಎಲ್ಲಿ ಹಾಕಬೇಕೆಂದು ತಡಕಾಡುತ್ತಾರೆ. ‘ಗೌಡ’ ಎಂಬುದನ್ನು ಇಂಗ್ಲಿಷ್‌ನಲ್ಲಿ ಒಬ್ಬರು ಡಬ್ಲ್ಯು ಹಾಕಿ ಬರೆಯುತ್ತಾರೆ, ಒಬ್ಬರು ಯು ಹಾಕಿ. ಕೃಷ್ಣೇಗೌಡ ಒಂದೇ ಪದವೋ ಎರಡೋ? ಅಸ್ಸಾಂನಲ್ಲಿ ಮದುವೆಗೆ ಮೊದಲು ಖಾತುನ್ ಎಂದಿದ್ದ ಹೆಸರು ಆಮೇಲೆ ಬೇಗಂ ಆಗುವುದುಂಟು. ಅವರ ಊರಿನಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು.

ಹೋಲಿಕೆಗೆ ಸಾಫ್ಟ್‌ವೇರ್ ಅಂಕ ಕೊಡುತ್ತದೆ. ಎಷ್ಟು ಅಂಕ ಬಂದರೆ ‘ಒಬ್ಬರೇ’ ಎನ್ನಬೇಕು ಎಂಬುದನ್ನು ಮನುಷ್ಯರು ಗೊತ್ತು ಮಾಡುತ್ತಾರೆ. ಆ ಅಂಕ ಇಳಿಸಿದರೆ ಇಬ್ಬರು ಒಬ್ಬರಾಗುತ್ತಾರೆ. ಏರಿಸಿದರೆ ಒಬ್ಬರೇ ಇಬ್ಬರಾಗುತ್ತಾರೆ. ಎಲ್ಲಿಟ್ಟರೂ ಒಂದಿಷ್ಟು ಜನ ತಪ್ಪು ಕಡೆ ಬೀಳುತ್ತಾರೆ. ಬ್ಯಾಂಕ್ ಖಾತೆಯಲ್ಲಾದರೆ ಒಂದು ದಿನದ ಓಡಾಟ. ಪೌರತ್ವದ ಮಾತಿನಲ್ಲಿ ಅದು ಹಾಗೆ ಮುಗಿಯುವುದಿಲ್ಲ.

ಅಸ್ಸಾಂನ ಪೌರರ ನೋಂದಣಿಯ (ಎನ್‌ಆರ್‌ಸಿ) ಕೊನೆಯ ಪಟ್ಟಿ 2019ರ ಆಗಸ್ಟ್ 31ರಂದು ಬಂತು. 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಲ್ಲಿಯೂ 1951ರ ನೋಂದಣಿ ಮತ್ತು ಹಳೆಯ ಮತದಾರರ ಪಟ್ಟಿಗಳ ಜೊತೆ ಹೆಸರು, ವಂಶವೃಕ್ಷ ಹೋಲಿಸಿ ನೋಡಿದ್ದರು. ಆ ಕೆಲಸದಲ್ಲಿ ಸುಮಾರು 27 ಲಕ್ಷ ಜನರ ಬೆರಳಚ್ಚು ಪಡೆದು ತಡೆಹಿಡಿಯಲಾಯಿತು. ಅವರಲ್ಲಿ ಪಟ್ಟಿಗೆ ಸೇರಿದವರೂ ಇದ್ದರು. ಆದರೂ ಬೆರಳಚ್ಚು ತಡೆಯಲ್ಲಿದ್ದುದರಿಂದ ಅವರಿಗೂ ಆಧಾರ್ ಸಿಗಲಿಲ್ಲ. 9.35 ಲಕ್ಷ ಜನರಿಗೆ ದಾರಿ ತೆರೆದದ್ದು 2024ರ ಆಗಸ್ಟ್‌ನಲ್ಲಿ. ಪೌರರ ನೋಂದಣಿ, ಆಧಾರ್ ಇವೆರಡರ ನಡುವೆ ಸಿಕ್ಕಿಕೊಂಡು ಐದು ವರ್ಷ ರೇಷನ್ನಿಗೂ ಸ್ಕಾಲರ್‌ಶಿಪ್ಪಿಗೂ ಅಲೆದವರ ಬಗ್ಗೆ ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. 1920ರಿಂದ ಬಂದ ನಾಲ್ಕು ಹಳೆಯ ಕಾಯ್ದೆಗಳ ಜಾಗದಲ್ಲಿ ಇದೊಂದು. ಗಡಿ ಕಾಯುವುದು ಬೇಡ ಎಂದು ಯಾರೂ ಹೇಳುವುದಿಲ್ಲ. ಜಾಲಗಳ ಜೋಡಣೆ ಇನ್ನೂ ಬಿಗಿಯಾಗುವುದಾದರೆ ಹೆಸರಿನ ತಿದ್ದುಪಡಿಯೂ ಅದೇ ದಾರಿಯಲ್ಲಿ ಹರಿಯಬೇಕು. ಈಗ ಆಧಾರ್‌ನಲ್ಲಿ ಹೆಸರು ಸರಿ ಮಾಡಿಸಿದರೆ ಪಾಸ್‌ಪೋರ್ಟ್‌ನಲ್ಲಿ ತಾನಾಗಿ ಸರಿಯಾಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಕೂಲಿ ಬಿಟ್ಟು ಹೋಗಬೇಕಾದ ಇನ್ನೊಂದು ದಿನ.