ವೆಸೂವಿಯಸ್ಸಿನ ಬೆಂಕಿಗೆ ಒದಗಿದ ಬಣ್ಣ

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ‘ಗ್ರ್ಯಾಂಡ್ ಟೂರ್’ ಎಂಬ ದೀರ್ಘ ಪ್ರವಾಸ ಹೊರಟ ಯುರೋಪಿನ ಸಿರಿವಂತರಲ್ಲಿ ಬಹಳ ಮಂದಿ ಇಟಲಿಯ ನೇಪಲ್ಸ್ ನಗರವನ್ನು ನೋಡದೆ ಮರಳುತ್ತಿರಲಿಲ್ಲ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ, 1748ರಲ್ಲಿ ಉತ್ಖನನ ಆರಂಭವಾದ ಪ್ರಾಚೀನ ರೋಮನ್ ಪಟ್ಟಣ ಪಾಂಪೆ ಅಲ್ಲಿಗೆ ಹತ್ತಿರದಲ್ಲಿತ್ತು. ಕೊಲ್ಲಿಯ ಆಚೆಗೆ ವೆಸೂವಿಯಸ್ ಜ್ವಾಲಾಮುಖಿ ಆಗಾಗ ಬೆಂಕಿಯುಗುಳುತ್ತಿತ್ತು. ಛಾಯಾಚಿತ್ರವಿಲ್ಲದ ಆ ಕಾಲದಲ್ಲಿ ಅವರು ನೆನಪಿಗೆಂದು ಕೊಂಡೊಯ್ಯುತ್ತಿದ್ದುದು ಕಾಗದದ ಮೇಲೆ ಗುವಾಶ್ ಬಣ್ಣದಲ್ಲಿ ಬರೆದ ನಗರದೃಶ್ಯಗಳನ್ನು. ಎಷ್ಟೋ ಚಿತ್ರಗಳ ಸುತ್ತ ಕಪ್ಪು ಅಂಚು, ಕೆಳಗಡೆ ಸ್ಥಳದ ಹೆಸರು ಅಥವಾ ಸ್ಫೋಟದ ತಾರೀಖು ಇರುತ್ತಿತ್ತು.

ಗುವಾಶ್ ಕೂಡ ನೀರು ಮತ್ತು ಅರಬ್ಬಿ ಗೋಂದಿನಲ್ಲಿ ಕಲಸಿದ ಬಣ್ಣವೇ; ಆದರೆ ಜಲವರ್ಣಕ್ಕಿಂತ ಅದರಲ್ಲಿ ವರ್ಣದ್ರವ್ಯ ಹೆಚ್ಚು, ಜೊತೆಗೆ ಸೀಮೆಸುಣ್ಣವನ್ನೋ ಬೇರೆ ಬಿಳಿಯನ್ನೋ ಬೆರೆಸುವುದುಂಟು. ಅದು ಅಡಿಯದನ್ನು ಮರೆಮಾಡುವ ಅಪಾರದರ್ಶಕ ಬಣ್ಣವಾಗುವುದರ ಗುಟ್ಟಿರುವುದು ಒಣಗುವಿಕೆಯಲ್ಲಿ. ಬೆಳಕನ್ನು ಒಂದು ವಸ್ತು ಎಷ್ಟು ಬಾಗಿಸುತ್ತದೆಂಬುದನ್ನು ಹೇಳುವ ಅಂಕಿಯೇ ವಕ್ರೀಭವನ ಸೂಚ್ಯಂಕ; ಎರಡು ವಸ್ತುಗಳ ಸೂಚ್ಯಂಕಗಳ ಅಂತರ ಹೆಚ್ಚಿದಷ್ಟೂ ಅವು ಕೂಡುವಲ್ಲಿ ಬೆಳಕು ಹೆಚ್ಚು ಚದುರುತ್ತದೆ. ಸೀಮೆಸುಣ್ಣದ ಸೂಚ್ಯಂಕ ಸುಮಾರು 1.6, ಎಣ್ಣೆಯದು ಸುಮಾರು 1.5. ಇವೆರಡರ ಅಂತರ ಅಲ್ಪವಾದ್ದರಿಂದ ತೈಲವರ್ಣದೊಳಗೆ ಸೀಮೆಸುಣ್ಣ ಅರೆಪಾರದರ್ಶಕವಾಗಿಬಿಡುತ್ತದೆ. ಗುವಾಶಿನಲ್ಲಾದರೋ ನೀರು ಆರಿದ ಮೇಲೆ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಗಾಳಿಯ ಸೂಚ್ಯಂಕ 1 ಮಾತ್ರವಾದ್ದರಿಂದ ಬೆಳಕು ಕಣಕಣದ ಅಂಚಿನಲ್ಲೂ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ. ಹಸಿಯಾಗಿದ್ದಾಗ ಮಂಕಾಗಿ ಕಾಣುವ ಸುಣ್ಣದ ಗೋಡೆ ಆರಿದಂತೆ ಬೆಳ್ಳಗಾಗುವುದರಲ್ಲೂ ಈ ಕಾರಣದ ಪಾಲಿದೆ.

ಈ ಅಪಾರದರ್ಶಕತೆ ವೆಸೂವಿಯಸ್ಸಿನ ರಾತ್ರಿದೃಶ್ಯಗಳಿಗೆ ಹೇಳಿ ಮಾಡಿಸಿದಂತಿತ್ತು. ಪಾರದರ್ಶಕ ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನು ಖಾಲಿ ಬಿಡಬೇಕು. ಗುವಾಶಿನಲ್ಲಿ ಕಡುಗಪ್ಪು ಆಕಾಶವನ್ನು ಮೊದಲು ಬಳಿದು, ಅದರ ಮೇಲೆಯೇ ಲಾವಾದ ಹಳದಿ, ಕೆಂಪು ಗೆರೆಗಳನ್ನು ಕೂದಲೆಳೆಯಷ್ಟು ಸಣ್ಣಗೆ ಎಳೆಯಬಹುದು. ಬೇಗ ಒಣಗುವ ಬಣ್ಣವಾದ್ದರಿಂದ ಪ್ರವಾಸಿಗರ ಬೇಡಿಕೆಗೂ ಅದು ಒದಗಿತು.

ಇವನ್ನು ಬರಿಯ ಅಗ್ಗದ ನೆನಪಿನ ಕಾಣಿಕೆಗಳೆಂದು ತಳ್ಳಿಹಾಕುವುದು ಅನ್ಯಾಯವೆಂದೇ ನನ್ನ ಭಾವನೆ. ನೇಪಲ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್, ಪಿಯೆಟ್ರೊ ಫಾಬ್ರಿಸ್ ಎಂಬ ಕಲಾವಿದನಿಂದ ಜ್ವಾಲಾಮುಖಿಯ ದೃಶ್ಯಗಳನ್ನು ಬರೆಯಿಸಿ, 1776ರಲ್ಲಿ ಕೈಯಿಂದ ಬಣ್ಣ ತುಂಬಿದ 54 ಚಿತ್ರಫಲಕಗಳೊಡನೆ ‘ಕಾಂಪಿ ಫ್ಲೆಗ್ರೈ’ ಎಂಬ ಗ್ರಂಥವನ್ನು ಪ್ರಕಟಿಸಿದ. ಅದರ ಒಂದು ಫಲಕದಲ್ಲಿ, 1767ರಲ್ಲಿ ಪರ್ವತದ ತುದಿಯ ಶಂಕು ಕೆಲವೇ ತಿಂಗಳುಗಳಲ್ಲಿ ಹೇಗೆ ಬೆಳೆಯಿತೆಂಬುದನ್ನು ಹಂತಹಂತವಾಗಿ ತೋರಿಸಲಾಗಿದೆ. 1794ರ ಸ್ಫೋಟದಲ್ಲಿ ಟೊರೆ ಡೆಲ್ ಗ್ರೆಕೊ ಪಟ್ಟಣ ಲಾವಾಕ್ಕೆ ತುತ್ತಾಯಿತು, ಪರ್ವತದ ತುದಿಯೂ ಕುಸಿಯಿತು. ಆದ್ದರಿಂದ ತಾರೀಖಿಲ್ಲದ ಚಿತ್ರವೊಂದರ ಕಾಲವನ್ನು ಊಹಿಸುವಾಗ ಶಿಖರದ ಆಕಾರವನ್ನೂ ಗಮನಿಸಬಹುದು. ಹಳೆಯ ಚಿತ್ರವನ್ನು ನೋಡಿ ನಕಲು ಮಾಡುವ ರೂಢಿಯೂ ಇದ್ದುದರಿಂದ, ಅದೊಂದನ್ನೇ ನೆಚ್ಚುವಂತಿಲ್ಲ.