ಏಳು ಗಂಟೆಗೆ ಎಲ್ಲಿಗೆ ಹೋಗಲಿ?

ವಾರ್ಡಿನಿಂದ ಮನೆಗೆ ಹೊರಟ ದಿನ ಗಾರೆ ಮೇಸ್ತ್ರಿಯೊಬ್ಬರು ನನ್ನ ಮೇಜಿನ ಮುಂದೆ ಕೂತಿದ್ದರು. ಮಾತ್ರೆ ಚೀಟಿ ಮಡಚಿ ಅಂಗಿ ಜೇಬಿಗಿಟ್ಟುಕೊಂಡು ಕೇಳಿದರು: "ಮಾತ್ರೆ ತಗೋತೀನಿ ಮೇಡಂ. ಆದ್ರೆ ಶನಿವಾರ ಬಟವಾಡೆ ಆದ ಮೇಲೆ, ಏಳು ಗಂಟೆಗೆ ಎಲ್ಲಿಗೆ ಹೋಗಲಿ?"

ಕುಡಿತ ಬಿಡಿಸುವ ಆಪ್ತಸಮಾಲೋಚಕಿಯಾಗಿ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಇದು. ವರ್ಷಗಟ್ಟಲೆ ಆ ಹೊತ್ತಿಗೆ ಅವರ ಕಾಲು ತಾನಾಗಿ ಬಾರಿನ ಕಡೆ ತಿರುಗಿದೆ. ಗೆಳೆಯರೆಲ್ಲ ಅಲ್ಲೇ ಇದ್ದಾರೆ. ಮಾತ್ರೆ ಆಸೆಯನ್ನು ತಗ್ಗಿಸಬಹುದು, ಸಂಜೆಯನ್ನು ತುಂಬಿಸಲ್ಲ.

ಹಾಗಾಗಿ ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟಿಗೆ ಕೂರುವ ಎಎ ಮೀಟಿಂಗ್ ಹುಡುಕುವವರಿಗೆ ನಾನು ಮೊದಲು ಹೇಳೋದು ಇಷ್ಟು: ನೀವು ಕುಡಿಯುತ್ತಿದ್ದ ಹೊತ್ತಿನಲ್ಲೇ ನಡೆಯುವ ಮೀಟಿಂಗ್ ಆರಿಸಿ. ಅಲ್ಲಿಗೆ ಹೋಗುವ ದಾರಿಯಲ್ಲಿ ನಿಮ್ಮ ಹಳೇ ಬಾರ್ ಸಿಗುತ್ತಾ ನೋಡಿ. ಸಿಗುತ್ತೆ ಅಂದ್ರೆ ಬೇರೆ ಬಸ್ ಹಿಡಿಯಿರಿ.

ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಇಬ್ಬರು ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡಲ್ಲಿಂದ ಶುರುವಾಯಿತು. ಒಬ್ಬ ಷೇರು ಪೇಟೆಯವನು, ಇನ್ನೊಬ್ಬ ಡಾಕ್ಟರ್. ಭಾರತಕ್ಕೆ ಬಂದದ್ದು 1957ರಲ್ಲಿ. ಇವತ್ತಿಗೂ ಕೆಲಸ ಅದೇ: ಕುಡಿದವನ ಮಾತನ್ನು ಕುಡಿದವನೇ ಕೇಳೋದು. ಸುಮ್ನೆ ಸಮಾಧಾನದ ಮಾತು ಅಂದುಕೊಳ್ಳಬೇಡಿ. ಹತ್ತು ಸಾವಿರಕ್ಕೂ ಜಾಸ್ತಿ ಜನರಿದ್ದ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವರದಿ 2020ರಲ್ಲಿ ಬಂತು. ಪೂರ್ತಿ ಕುಡಿಯದೇ ಉಳಿಯುವ ವಿಷಯದಲ್ಲಿ, ರೋಗಿಯನ್ನು ಎಎ ಜೊತೆ ಬೆಸೆಯುವ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತ್ತು.

ವಿಳಾಸ ಸಿಗೋದು ಕಷ್ಟವಲ್ಲ. ಎಎ ಭಾರತದ ವೆಬ್‌ಸೈಟಿನಲ್ಲಿ ನೋಡಬಹುದು, ಹತ್ತಿರದ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಕೇಳಬಹುದು. 14446 ವ್ಯಸನಮುಕ್ತಿ ಸಹಾಯವಾಣಿ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಮೀಟಿಂಗ್‌ನವರ ನಂಬರ್ ಸಿಕ್ಕಾಗ ಯಾವ ಭಾಷೆಯಲ್ಲಿ ಮಾತಾಡ್ತಾರೆ, ಯಾವ ಗೇಟಿನಿಂದ ಒಳಗೆ ಬರಬೇಕು ಅಂತ ಕೇಳಿ. ಮುಖ್ಯವಾಗಿ, "ಯಾರಾದರೂ ಹೊರಗೆ ನಿಂತಿರ್ತೀರಾ?" ಅಂತ ಕೇಳಿ.

ಯಾಕೆ ಅಂದರೆ, ನಮ್ಮ ಮೇಸ್ತ್ರಿ ಮೊದಲ ಶನಿವಾರ ರಸ್ತೆಯ ಆಚೆ ಬೇಕರಿ ಹತ್ತಿರ ಇಪ್ಪತ್ತು ನಿಮಿಷ ನಿಂತು ವಾಪಸ್ ಹೋಗಿಬಿಟ್ಟಿದ್ದರು. ಮೀಟಿಂಗ್ ನಡೆಯುವ ಚರ್ಚ್ ಆವರಣ ನೋಡಿ ಮತಾಂತರ ಮಾಡ್ತಾರೇನೋ ಅನ್ನೋ ಅಳುಕು. ಗುರುತಿನವರು ಇದ್ದರೆ ಅನ್ನೋ ನಾಚಿಕೆ ಬೇರೆ. ಚರ್ಚೋ ಶಾಲೆಯೋ, ಜಾಗ ಮಾತ್ರ ಅವರದು. ಎಎ ಯಾವ ಧರ್ಮಕ್ಕೂ ಸೇರಿಲ್ಲ. ಮುಂದಿನ ವಾರ ಅವರ ಮುಂದೆಯೇ ಫೋನ್ ಮಾಡಿಸಿದೆ. ಗೇಟಿನ ಹತ್ತಿರ ಒಬ್ಬರು ಕಾದಿದ್ದು ಕರೆದುಕೊಂಡು ಹೋದರು.

ಒಳಗೆ ಏನಿರುತ್ತೆ? ಪ್ಲಾಸ್ಟಿಕ್ ಕುರ್ಚಿಗಳು, ಟೀ ಲೋಟಗಳು, ಗೋಡೆಗೆ ನೇತುಹಾಕಿದ, ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಬ್ಯಾನರ್. ಒಬ್ಬರು ಮಾತಾಡುವಾಗ ಬೇರೆಯವರು ನಡುವೆ ಬಾಯಿ ಹಾಕಲ್ಲ. ಬುದ್ಧಿ ಹೇಳಲ್ಲ. ನೀವು ಹೆಸರು ಹೇಳಿ ಸುಮ್ಮನೆ ಕೂತರೂ ಆಯಿತು. ಫೀಸ್ ಇಲ್ಲ. ಕೊನೆಗೆ ಡಬ್ಬಿ ಬರುತ್ತೆ, ಇದ್ದರೆ ಹಾಕಿ, ಇಲ್ಲದಿದ್ದರೆ ಮುಂದೆ ದಾಟಿಸಿ. ಸೇರಲು ಬೇಕಿರೋದು ಕುಡಿತ ಬಿಡಬೇಕು ಅನ್ನೋ ಆಸೆ ಒಂದೇ. ದೇವರ ಮಾತು ಬರುತ್ತೆ, ನಿಜ. ಅದು ಯಾವ ದೇವರು ಅನ್ನೋದನ್ನು ನಿಮಗೇ ಬಿಟ್ಟಿರ್ತಾರೆ.

ಒಂದು ಮೀಟಿಂಗ್ ನೋಡಿ ಇಷ್ಟವಾಗಲಿಲ್ಲ ಅಂತ ಕೈಬಿಡಬೇಡಿ. ಒಂದೊಂದು ಗುಂಪು ಒಂದೊಂದು ಥರ. ಕನಿಷ್ಠ ಮೂರು ಕಡೆ ಹೋಗಿ ಬನ್ನಿ. ಹೊರಡುವಾಗ ಇಬ್ಬರ ಫೋನ್ ನಂಬರ್ ತಗೊಳ್ಳಿ. ಹಳ್ಳಿಗಳಲ್ಲಿ ಎಎ ಸಿಗದಿದ್ದರೆ, ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗಳನ್ನು ವಿಚಾರಿಸಿ.

ಇದಕ್ಕೆಲ್ಲ ಮೊದಲು ಒಂದು ಎಚ್ಚರಿಕೆ ಇದೆ, ದಯವಿಟ್ಟು ಹಗುರವಾಗಿ ತಗೋಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಕುಡಿದರೆ ಮಾತ್ರ ನಿಲ್ಲುತ್ತೆ ಅನ್ನುವವರು ಒಮ್ಮೆಲೇ ಬಿಡಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಜ್ಞಾನ ತಪ್ಪಿದಂತೆ ಬಡಬಡಿಸಬಹುದು, ಇಲ್ಲದ್ದು ಕಾಣಬಹುದು. ಜೀವಕ್ಕೇ ಅಪಾಯ. ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್.

ನನಗೆ ಫೋನ್ ಮಾಡುವವರಲ್ಲಿ ಹೆಂಡತಿಯರು, ತಾಯಂದಿರೇ ಜಾಸ್ತಿ. "ಹೇಗಾದ್ರೂ ಕಳಿಸಿಬಿಡಿ ಮೇಡಂ" ಅಂತಾರೆ. ಅಮ್ಮಾ, ಅವರನ್ನು ಎಳೆದುಕೊಂಡು ಹೋಗೋಕೆ ಆಗಲ್ಲ. ಆದರೆ ನೀವು ಹೋಗಬಹುದು. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಅನ್ನೋ ಬೇರೆ ಕೂಟ ಇದೆ. ಅವರು ಬಿಡುವವರೆಗೆ ನೀವು ಕಾಯಬೇಕಿಲ್ಲ.

ಮೇಸ್ತ್ರಿ ಮೂರನೇ ತಿಂಗಳಲ್ಲಿ ಊರ ಹಬ್ಬಕ್ಕೆ ಹೋಗಿ ಕುಡಿದುಬಿಟ್ಟರು. "ಇನ್ನು ಅಲ್ಲಿ ಮುಖ ಹೇಗೆ ತೋರಿಸಲಿ ಮೇಡಂ?" ಅಂತ ಅತ್ತರು. ಇವತ್ತೇ ಹೋಗಿ ಅಂದೆ. ಹೋದರು. ಕುಡಿಯದೆ ಎಷ್ಟು ದಿನ ಆಯ್ತು ಅಂತ ಎಲ್ಲರೂ ಹೇಳುವಾಗ ಇವರೂ ಎದ್ದು "ಎರಡು ದಿನ" ಅಂದರಂತೆ. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರಂತೆ.